ಒದ್ದೆ ಗಾಜಿನಿಂದ ಒಣ ಫಿಲ್ಮಿನವರೆಗೆ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಗೋಡೆ ಸೋರಿ, ಅಪ್ಪ–ಅಮ್ಮನ ಮದುವೆಯ ಎರಡು ಕಲರ್ ಫೋಟೊಗಳು ಫ್ರೇಮಿನ ಗಾಜಿಗೆ ಅಂಟಿಕೊಂಡವು. ಬಿಇ ಓದುವವನು ಎಂಬ ಹಮ್ಮಿನಲ್ಲಿ ನಾನೇ ಕೈಹಾಕಿದೆ. ಒಂದು ಫೋಟೊದ ಮೂಲೆ ಹಿಡಿದು ಎಳೆದದ್ದೇ ತಡ, ಅಮ್ಮನ ಸೆರಗಿನ ಬಣ್ಣವೆಲ್ಲ ಗಾಜಿನ ಮೇಲೇ ಉಳಿದು, ಕೈಯಲ್ಲಿ ಬರೀ ಬಿಳಿ ಕಾಗದ ಬಂತು. ಅಮ್ಮ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾಡಬೇಕಾದದ್ದನ್ನು ಮಾಡಿದ ಮೇಲೆ ಓದುವುದು ನನ್ನ ಹಳೇ ಚಾಳಿ. ಓದಿದಾಗ ತಿಳಿಯಿತು: ಫೋಟೊದ ಬಣ್ಣ ಕೂತಿರುವುದು ಕಾಗದದಲ್ಲಲ್ಲ, ಅದರ ಮೇಲಿನ ಜೆಲಟಿನ್ ಪದರದೊಳಗೆ. ದನದ ಮೂಳೆ, ಚರ್ಮ ಬೇಯಿಸಿ ತೆಗೆಯುವ ಈ ವಸ್ತು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅರೆಬರೆ ಒಣಗುವಾಗ ಸಿಕ್ಕಿದ್ದಕ್ಕೆ ಅಂಟುತ್ತದೆ. ಈ ಓದಿನ ದಾರಿಯಲ್ಲಿ ಸಿಕ್ಕವನೇ ಜಾರ್ಜ್ ಈಸ್ಟ್‌ಮನ್. ಕೊಡಾಕ್ ಕಂಪನಿ ಕಟ್ಟಿದವನು ಎಂದಷ್ಟೇ ಗೊತ್ತಿತ್ತು. ಅವನ ಬದುಕಿನ ದೊಡ್ಡ ತಿರುವುಗಳು ಈ ಒಂದು ಪದರವನ್ನು ಬಳಿದು ಒಣಗಿಸುವ ಕೆಲಸದ ಸುತ್ತಲೇ ಇವೆ ಎಂಬುದು ಗೊತ್ತಿರಲಿಲ್ಲ.

ಈಸ್ಟ್‌ಮನ್ ಹುಟ್ಟಿದ್ದು 1854ರ ಜುಲೈ 12ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ವಿಲ್‌ನಲ್ಲಿ. ತಂದೆ ರೋಚೆಸ್ಟರ್ ಪಟ್ಟಣದಲ್ಲಿ ವಾಣಿಜ್ಯ ಶಾಲೆ ನಡೆಸುತ್ತಿದ್ದರು. 1862ರಲ್ಲಿ ಅವರು ತೀರಿಕೊಂಡಾಗ ಹುಡುಗನಿಗೆ ಇನ್ನೂ ಎಂಟು ತುಂಬಿರಲಿಲ್ಲ. ತಾಯಿ ಮರಿಯಾ ಮನೆಯಲ್ಲಿ ಬಾಡಿಗೆಗೆ ಜನರನ್ನಿಟ್ಟುಕೊಂಡು, ಅವರಿಗೆ ಅಡುಗೆ ಮಾಡಿ ಹಾಕಿ ಸಂಸಾರ ತೂಗಿಸಿದರು. ಮಗ 14ಕ್ಕೇ ಶಾಲೆ ಬಿಟ್ಟು, ವಾರಕ್ಕೆ 3 ಡಾಲರ್ ಸಂಬಳಕ್ಕೆ ವಿಮಾ ಕಚೇರಿಯೊಂದರಲ್ಲಿ ಓಲೆ–ಕಾಗದ ಒಯ್ಯುವ ಕೆಲಸಕ್ಕೆ ಸೇರಿದ. 1874ರಲ್ಲಿ ರೋಚೆಸ್ಟರ್ ಸೇವಿಂಗ್ಸ್ ಬ್ಯಾಂಕಿನಲ್ಲಿ ಗುಮಾಸ್ತನಾದ. ವಾರಕ್ಕೆ 15 ಡಾಲರ್. ನಮ್ಮ ಕಡೆಯಾದರೆ ಹುಡುಗ ಸೆಟ್ಲ್ ಆದ ಎಂದು ಹೆಣ್ಣು ನೋಡಲು ಶುರು ಮಾಡುತ್ತಿದ್ದರು. (ಆತ ಕೊನೆಯವರೆಗೂ ಮದುವೆಯಾಗಲಿಲ್ಲ.)

1877ರಲ್ಲಿ ಸ್ಯಾಂಟೊ ಡೊಮಿಂಗೊಗೆ ಪ್ರವಾಸ ಹೋಗುವ ಯೋಚನೆ ಬಂತು. ಹೋದದ್ದನ್ನು ಫೋಟೊ ತೆಗೆದು ತರಬಹುದಲ್ಲ ಎಂದು ಸಹೋದ್ಯೋಗಿಯೊಬ್ಬ ಹೇಳಿದ. ಈಸ್ಟ್‌ಮನ್ ಕ್ಯಾಮೆರಾ ಕೊಂಡ, 5 ಡಾಲರ್ ಕೊಟ್ಟು ಫೋಟೊ ತೆಗೆಯುವ ಪಾಠ ಹೇಳಿಸಿಕೊಂಡ. ಪ್ರವಾಸ ಮಾತ್ರ ನಡೆಯಲೇ ಇಲ್ಲ.

ಆಗಿನದು ಒದ್ದೆ ಪ್ಲೇಟಿನ ಕಾಲ. ಗಾಜಿಗೆ ಕೊಲೋಡಿಯನ್ ಎಂಬ ಅಂಟುದ್ರವ ಸುರಿದು, ಕತ್ತಲೆಯಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ತೊಟ್ಟಿಕ್ಕುತ್ತಿರುವಾಗಲೇ ಕ್ಯಾಮೆರಾಕ್ಕೆ ಹಾಕಿ ಚಿತ್ರ ತೆಗೆಯಬೇಕು. ಲೇಪ ಒಣಗಿತೋ, ಬೆಳಕು ಗ್ರಹಿಸುವ ಶಕ್ತಿ ಹೋಯಿತು. ಡೆವಲಪರ್ ಕೂಡ ಒಳಗೆ ಇಳಿಯುವುದಿಲ್ಲ. ಕೈಯಲ್ಲಿರುವುದು ಕೆಲವೇ ನಿಮಿಷ. ಹಾಗಾಗಿ ಫೋಟೊಗ್ರಾಫರ್ ಹೋದಲ್ಲೆಲ್ಲ ಡೇರೆ, ಸೀಸೆ, ತೊಟ್ಟಿ, ನೀರು ಎಲ್ಲವನ್ನೂ ಹೊತ್ತು ತಿರುಗಬೇಕಿತ್ತು. ಒಮ್ಮೆ ಈಸ್ಟ್‌ಮನ್‌ನ ಸಿಲ್ವರ್ ನೈಟ್ರೇಟ್ ಪೆಟ್ಟಿಗೆಯೊಳಗೇ ಸೋರಿ ಬಟ್ಟೆಗಳಿಗೆಲ್ಲ ಕಪ್ಪು ಕಲೆ ಹಿಡಿಯಿತು.

ಇಂಗ್ಲೆಂಡಿನ ಫೋಟೊಗ್ರಫಿ ಪತ್ರಿಕೆಯೊಂದರಲ್ಲಿ ಜೆಲಟಿನ್ ಲೇಪದ ಬಗ್ಗೆ ಆತ ಓದಿದ. ಜೆಲಟಿನ್‌ನಲ್ಲಿ ಬೆರೆತ ಬೆಳ್ಳಿಯ ಲವಣ ಒಣಗಿದ ಮೇಲೂ ಬೆಳಕಿಗೆ ಸ್ಪಂದಿಸುತ್ತದೆ. ಡೆವಲಪರ್‌ನಲ್ಲಿ ಅದ್ದಿದಾಗ ಪದರ ಮತ್ತೆ ಉಬ್ಬಿ ದ್ರವವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ನನ್ನ ಫೋಟೊ ಹಾಳು ಮಾಡಿದ ಗುಣವೇ ಅವನಿಗೆ ವರವಾಯಿತು. ಹಗಲು ಬ್ಯಾಂಕು, ರಾತ್ರಿ ಅಮ್ಮನ ಅಡುಗೆಮನೆ. ಲೇಪ ಕಾಯಿಸುವುದು, ಗಾಜಿಗೆ ಬಳಿಯುವುದು, ಒಣಗಿಸಿ ನೋಡುವುದು, ಬಿಸಾಡುವುದು, ಮತ್ತೆ ಶುರು. ಎಷ್ಟೋ ಬೆಳಗ್ಗೆ ತಾಯಿ ಎದ್ದು ಬಂದಾಗ ಮಗ ಒಲೆಯ ಪಕ್ಕದ ನೆಲದಲ್ಲೇ ನಿದ್ದೆ ಹೋಗಿರುತ್ತಿದ್ದ. ಕೈಯಿಂದ ಬಳಿದರೆ ಪದರ ಒಂದೇ ಸಮ ಬರುವುದಿಲ್ಲವೆಂದು, ಲೇಪದಲ್ಲಿ ತಿರುಗುವ ರೋಲರ್ ಮೇಲೆ ಗಾಜು ಹಾಯಿಸುವ ಯಂತ್ರ ಮಾಡಿದ. 1879ರಲ್ಲಿ ಲಂಡನ್ನಿಗೇ ಹೋಗಿ ಅದಕ್ಕೆ ಪೇಟೆಂಟ್ ಪಡೆದ. ಮರುವರ್ಷ ಅಮೆರಿಕದಲ್ಲೂ ಸಿಕ್ಕಿತು.

1881ರ ಜನವರಿಯಲ್ಲಿ ಹೆನ್ರಿ ಸ್ಟ್ರಾಂಗ್ ಎಂಬಾತ ಪಾಲುದಾರನಾದ. ಈತ ಕುದುರೆಗಾಡಿಯ ಚಾವಟಿ ಮಾಡಿಸುವ ವ್ಯಾಪಾರಿ, ಮರಿಯಾ ಅವರ ಮನೆಯಲ್ಲೇ ಬಾಡಿಗೆಗಿದ್ದವನು. ಆದರೂ ಈಸ್ಟ್‌ಮನ್ ಬ್ಯಾಂಕು ಬಿಡಲಿಲ್ಲ. ಮೇಲಿನ ಹುದ್ದೆ ಖಾಲಿಯಾಗಿ, ತನಗೆ ಸಿಗಬೇಕಾದ ಬಡ್ತಿ ನಿರ್ದೇಶಕರೊಬ್ಬರ ಸಂಬಂಧಿಕನಿಗೆ ಹೋದಾಗ, ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟ. ಇಲ್ಲಿಗೆ ಕತೆ ನಿಲ್ಲಿಸಿದರೆ ಮೋಟಿವೇಷನ್ ವಿಡಿಯೊಗೆ ಸರಿಹೋಗುತ್ತದೆ. ನನಗೆ ಮುಖ್ಯ ಅನಿಸಿದ್ದು ಇದರ ಮುಂದಿನದು.

1882ರಲ್ಲಿ ದೂರುಗಳು ಬರತೊಡಗಿದವು. ಅಂಗಡಿಗಳಲ್ಲಿ ಇಟ್ಟ ಪ್ಲೇಟುಗಳು ಕಾಲ ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತಿದ್ದವು. ಈಸ್ಟ್‌ಮನ್ ಅವನ್ನೆಲ್ಲ ವಾಪಸ್ ತೆಗೆದುಕೊಂಡ. ಎಳೆಯ ಕಂಪನಿಗೆ ಅದು ಸಣ್ಣ ಪೆಟ್ಟಲ್ಲ. ಅಷ್ಟರಲ್ಲಿ ಹೊಸದಾಗಿ ಮಾಡಿದ ಪ್ಲೇಟುಗಳೂ ಕೈಕೊಟ್ಟವು! ಅದೇ ಸೂತ್ರ, ಅದೇ ಯಂತ್ರ, ಅದೇ ಕೈಗಳು. ಲೇಪ ಮಾತ್ರ ಮಂಕು. ರಾತ್ರಿಗಟ್ಟಲೆ ಪ್ರಯೋಗ ಮಾಡಿದರೂ ಕಾರಣ ಸಿಗಲಿಲ್ಲ. ಕಾರ್ಖಾನೆಗೆ ಬೀಗ ಹಾಕಿ, ಸ್ಟ್ರಾಂಗ್ ಜೊತೆ ಹಡಗು ಹತ್ತಿ ಇಂಗ್ಲೆಂಡಿನ ನ್ಯೂಕಾಸಲ್‌ಗೆ ಹೋದ. ಅಲ್ಲಿ ಮಾಸನ್ ಅಂಡ್ ಸ್ವಾನ್ ಎಂಬ ಸಂಸ್ಥೆ ಒಳ್ಳೆಯ ಒಣ ಪ್ಲೇಟುಗಳನ್ನು ಮಾಡುತ್ತಿತ್ತು. ತಪ್ಪು ಸೂತ್ರದ್ದಲ್ಲ, ಪೂರೈಕೆಯಾಗುತ್ತಿದ್ದ ಜೆಲಟಿನ್‌ದು ಎಂಬುದು ಅಲ್ಲಿ ಗೊತ್ತಾಯಿತು. ಜೆಲಟಿನ್ ಬದಲಾಯಿಸಿದ, ಪ್ಲೇಟು ಸರಿಯಾಯಿತು. ಆದರೆ ಒಂದು ಜೆಲಟಿನ್‌ಗೂ ಇನ್ನೊಂದಕ್ಕೂ ವ್ಯತ್ಯಾಸ ಏಕೆ? ಉತ್ತರ ಸಿಕ್ಕಿದ್ದು ನಾಲ್ಕು ದಶಕಗಳ ನಂತರ, 1925ರ ಸುಮಾರಿಗೆ, ಅವನದೇ ಸಂಶೋಧನಾಲಯದಲ್ಲಿ. ಜೆಲಟಿನ್‌ನಲ್ಲಿ ಗಂಧಕದ ಸಂಯುಕ್ತಗಳು ಲವಲೇಶ ಇದ್ದರೆ ಬೆಳಕಿನ ಗ್ರಹಿಕೆ ಹೆಚ್ಚುತ್ತದೆ ಎಂದು ಸ್ಯಾಮ್ಯುಯೆಲ್ ಶೆಪರ್ಡ್ ಎಂಬ ವಿಜ್ಞಾನಿ ಕಂಡುಹಿಡಿದ. ಅವು ಬರುವುದು ದನ ಮೇಯುವ ಸಾಸಿವೆಯಂಥ ಗಿಡಗಳಿಂದ. ಒಗ್ಗರಣೆಯ ಸಾಸಿವೆ ಫಿಲ್ಮಿನೊಳಗೂ ಇತ್ತು ಎಂದರೆ ಅಮ್ಮ ಈಗಲೂ ನಂಬುವುದಿಲ್ಲ.

ಮುಂದಿನದು ಬಹಳ ಜನರಿಗೆ ಗೊತ್ತು. 1888ರಲ್ಲಿ ಕೊಡಾಕ್ ಕ್ಯಾಮೆರಾ ಬಂತು. ಬೆಲೆ 25 ಡಾಲರ್, ಒಳಗೆ 100 ಚಿತ್ರಗಳ ಸುರುಳಿ. ಚಿತ್ರ ಮುಗಿದ ಮೇಲೆ 10 ಡಾಲರ್ ಜೊತೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕು. ಯಾಕೆಂದರೆ ಆ ಸುರುಳಿ ಕಾಗದದ್ದು. ಚಿತ್ರವಿರುವ ಜೆಲಟಿನ್ ಪದರವನ್ನು ನೀರಿನಲ್ಲಿ ಕಾಗದದಿಂದ ಬಿಡಿಸಿ, ಪಾರದರ್ಶಕ ಆಸರೆಯ ಮೇಲೆ ಕೂರಿಸಿ ಒಣಗಿಸಬೇಕಿತ್ತು. ನಾನು ಎಳೆದು ಕೆಡಿಸಿದ್ದನ್ನು ಅಲ್ಲಿ ನಾಜೂಕಾಗಿ ದಿನವಿಡೀ ಮಾಡುತ್ತಿದ್ದರು. 1889ರಲ್ಲಿ ಪಾರದರ್ಶಕ ಫಿಲ್ಮ್ ಬಂದ ಮೇಲೆ ಈ ರಗಳೆ ತಪ್ಪಿತು. ಉದ್ದುದ್ದ ಗಾಜಿನ ಮೇಜಿನ ಮೇಲೆ ದ್ರವ ಹರಡಿ ಒಣಗಿಸಿದರೆ ಫಿಲ್ಮಿನ ಹಾಳೆ. ಅದರ ಮೇಲೆ ಲೇಪ ಬಳಿದು ಮತ್ತೆ ಒಣಗಿಸುವುದು. ಹೊಸ ತಲೆನೋವೆಂದರೆ ಒಂದೇ ಬದಿಯ ಜೆಲಟಿನ್ ಒಣಗಿ ಕುಗ್ಗಿದಾಗ ಫಿಲ್ಮ್ ಚಕ್ಕುಲಿಯಂತೆ ಸುರುಳಿಯಾಗುತ್ತಿತ್ತು. 1903ರಲ್ಲಿ ಹಿಂಬದಿಗೂ ಜೆಲಟಿನ್ ಬಳಿದರು. ಎರಡೂ ಕಡೆ ಸಮನಾಗಿ ಎಳೆದಾಗ ಹಾಳೆ ಚಪ್ಪಟೆ. ಇಷ್ಟು ಸರಳ ಉತ್ತರಕ್ಕೆ 14 ವರ್ಷ ಬೇಕಾಯಿತು.

ಈಸ್ಟ್‌ಮನ್ ದೇವರಲ್ಲ. ಹ್ಯಾನಿಬಲ್ ಗುಡ್ವಿನ್ ಎಂಬ ಪಾದ್ರಿ 1887ರಲ್ಲೇ ಪಾರದರ್ಶಕ ಫಿಲ್ಮಿನ ಪೇಟೆಂಟ್‌ಗೆ ಅರ್ಜಿ ಹಾಕಿದ್ದ. ಅದು ಸಿಕ್ಕಿದ್ದು 1898ರಲ್ಲಿ. ಎರಡೇ ವರ್ಷಕ್ಕೆ ಆತ ತೀರಿಕೊಂಡ. ಮೊಕದ್ದಮೆ ಸೋತ ಕೊಡಾಕ್ 1914ರಲ್ಲಿ 50 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕೆಟ್ಟ ಪ್ಲೇಟುಗಳನ್ನು ತಾನಾಗಿ ವಾಪಸ್ ಪಡೆದವನ ಕಂಪನಿ ಇಲ್ಲಿ ಕೋರ್ಟು ಹೇಳುವವರೆಗೆ ಕಾದದ್ದು ನನಗೆ ಹಿಡಿಸಲಿಲ್ಲ. ಇನ್ನೊಂದೆಡೆ, ಕಾಲೇಜು ಮೆಟ್ಟಿಲು ಹತ್ತದ ಇದೇ ಮನುಷ್ಯ 1912ರಿಂದ ಎಂಐಟಿಗೆ ಸ್ಮಿತ್ ಎಂಬ ಸುಳ್ಳು ಹೆಸರಿನಲ್ಲಿ ಸುಮಾರು 2 ಕೋಟಿ ಡಾಲರ್ ಕೊಟ್ಟ. ಹೆಸರು ಹೊರಬಿದ್ದದ್ದು 1920ರಲ್ಲಿ. ಅಲ್ಲಿನ ವಿದ್ಯಾರ್ಥಿಗಳು ಅದೃಷ್ಟಕ್ಕೆಂದು ಅವನ ಉಬ್ಬುಚಿತ್ರದ ಮೂಗು ಉಜ್ಜುತ್ತಾರಂತೆ. ಉಜ್ಜಿ ಉಜ್ಜಿ ಮೂಗು ಹೊಳೆಯುತ್ತದೆ.

ಬೆನ್ನುಹುರಿಯ ಕಾಯಿಲೆಯಿಂದ ನರಳಿದ ಈಸ್ಟ್‌ಮನ್ 1932ರ ಮಾರ್ಚ್ 14ರಂದು, 77ನೇ ವಯಸ್ಸಿನಲ್ಲಿ, ತನ್ನ ಜೀವವನ್ನು ತಾನೇ ತೆಗೆದುಕೊಂಡ. ಒಂದರ ಮೇಲೊಂದು ಜೆಲಟಿನ್ ಪದರಗಳಿದ್ದ ಕೊಡಾಕ್ರೋಮ್ ಕಲರ್ ಫಿಲ್ಮ್ ಮಾರುಕಟ್ಟೆಗೆ ಬಂದದ್ದು 1935ರಲ್ಲಿ. ಅದನ್ನು ಆತ ನೋಡಲಿಲ್ಲ.

ಎರಡನೇ ಫೋಟೊವನ್ನು ನಾನು ಎಳೆಯಲಿಲ್ಲ. ಗಾಜಿನ ಸಮೇತ ತಣ್ಣೀರಿನಲ್ಲಿ ಮುಳುಗಿಸಿಟ್ಟು, ತಾನಾಗಿ ಜಾರುವವರೆಗೆ ಕಾದೆ. ಹೇರ್ ಡ್ರೈಯರ್ ಹಿಡಿಯೋಣ ಎಂದ ತಮ್ಮನನ್ನು ತಡೆದು, ಮುಖ ಮೇಲೆ ಮಾಡಿ ಬಿಳಿ ಬಟ್ಟೆಯ ಮೇಲೆ ನೆರಳಿನಲ್ಲಿ ಒಣಗಲು ಬಿಟ್ಟೆ. ಅಂಚು ಸ್ವಲ್ಪ ಮೇಲೆದ್ದಿತು, ಬಣ್ಣ ಉಳಿಯಿತು. ಸೆರಗು ಹೋದ ಫೋಟೊವನ್ನೂ ಅಮ್ಮ ಅದರ ಪಕ್ಕದಲ್ಲೇ ತೂಗುಹಾಕಿದ್ದಾರೆ, ಸೋರದ ಗೋಡೆಯ ಮೇಲೆ.