ಅಕ್ಕನಿಗೆ ಏಕಿಲ್ಲ?



ಮಕ್ಕಳು ಏನಾದರೂ ಕೇಳಿದಾಗ ಹಿರಿಯರಾದ ನಾವು ಸಾಮಾನ್ಯವಾಗಿ ಎರಡೇ ಉತ್ತರ ಕೊಡುತ್ತೇವೆ. ಹಿಂದಿನಿಂದ ನಡೆದುಬಂದ ಪದ್ಧತಿ ಎನ್ನುತ್ತೇವೆ. ಇಲ್ಲವೇ ದೊಡ್ಡವನಾದ ಮೇಲೆ ತಾನೇ ತಿಳಿಯುತ್ತದೆ ಎನ್ನುತ್ತೇವೆ. 12ನೆಯ ಶತಮಾನದಲ್ಲಿ ಬಾಗೇವಾಡಿಯ ಮಾದರಸರ ಮನೆಯಲ್ಲಿ ಈ ಎರಡು ಉತ್ತರಗಳೂ ಸಾಲದೇ ಹೋದವು.

ಮಾದರಸರು ಆ ಅಗ್ರಹಾರದ ಪ್ರಮುಖರು, ಶಿವಭಕ್ತರು. ಪತ್ನಿ ಮಾದಲಾಂಬಿಕೆ. ಇವರ ಮಗನಾಗಿ ಬಸವಣ್ಣನವರು ಜನಿಸಿದ್ದು 1131ರ ಸುಮಾರಿಗೆ ಎಂದು ಅನೇಕ ವಿದ್ವಾಂಸರ ಎಣಿಕೆ. ಎಂಟನೆಯ ವರುಷಕ್ಕೆ ಉಪನಯನದ ಸಿದ್ಧತೆ ನಡೆಯಿತು. ಆಗ ಬಾಲಬಸವಣ್ಣನವರು, ಅಕ್ಕ ನಾಗಮ್ಮ ತನಗಿಂತ ಹಿರಿಯಳಲ್ಲವೇ, ಅವಳಿಗೇಕೆ ಈ ಸಂಸ್ಕಾರವಿಲ್ಲ ಎಂದು ತಂದೆಯನ್ನು ಕೇಳಿದರೆಂಬುದು ನಮ್ಮ ನಾಡಿನಲ್ಲಿ ಮನೆಮಾತಾದ ಕಥೆ. ಹೆಣ್ಣುಮಕ್ಕಳಿಗೆ ಇಲ್ಲ ಎಂದರು ತಂದೆ. ಏಕಿಲ್ಲ ಎಂದರು ಮಗ. ಅದಕ್ಕೆ ಅಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ.

ಈ ಪ್ರಶ್ನೆಯಲ್ಲಿ ಶಾಸ್ತ್ರಚರ್ಚೆ ಏನೂ ಇಲ್ಲ. ಅಜ್ಜಿ ಕೊಟ್ಟ ಬೆಲ್ಲದ ತುಂಡು ಕೈಗೆ ಬಂದೊಡನೆ ಮಗು ಪಕ್ಕದಲ್ಲಿ ನಿಂತ ಅಕ್ಕನ ಕೈಯನ್ನು ನೋಡುವುದಿಲ್ಲವೇ? ಅಂಥದ್ದೇ ಇದು. ಆ ನೋಟ ನಮಗೆ ವಯಸ್ಸಾದಂತೆ ತಪ್ಪಿಹೋಗುತ್ತದೆ. ನಮ್ಮ ಪಾಲು ಬಂದರೆ ಸಾಕೆನಿಸುತ್ತದೆ. ಮಾದರಸರು ಕೆಟ್ಟವರೆಂದು ನಾವು ಹೇಳಬಾರದು. ಮಗನ ಶ್ರೇಯಸ್ಸನ್ನೇ ಬಯಸಿದ ತಂದೆ ಅವರು. ತಮ್ಮನನ್ನು ಶಾಲೆಗೆ ಕಳುಹಿಸಿ ತನ್ನನ್ನೇಕೆ ಬಿಡಿಸಿದಿರಿ ಎಂದು ಮನೆಯ ಹೆಣ್ಣುಮಗಳು ಕೇಳಿದರೆ ನಾವೂ ಅವರಂತೆಯೇ ತಡವರಿಸುತ್ತೇವೆ, ಇಲ್ಲವೇ ಗದರಿಸಿ ಸುಮ್ಮನಾಗಿಸುತ್ತೇವೆ.

ಜನಿವಾರವನ್ನು ಬಸವಣ್ಣನವರು ಒಲ್ಲೆನೆಂದರೆಂದು ಪಾಲ್ಕುರಿಕೆ ಸೋಮನಾಥ ಹೇಳಿದರೆ, ಧರಿಸಿ ಆಮೇಲೆ ಕಿತ್ತೆಸೆದರೆಂದು ಹರಿಹರ ಹೇಳುತ್ತಾನೆ. ಮನೆ ಬಿಟ್ಟು ಕೃಷ್ಣಾ ಮಲಪ್ರಭೆಯರು ಕೂಡುವ ಸಂಗಮಕ್ಕೆ ಹೋದರೆಂಬುದರಲ್ಲಿ ಮಾತ್ರ ಭೇದವಿಲ್ಲ. ಮುಂದೆ ಬಿಜ್ಜಳನ ಭಂಡಾರ, ಕಲ್ಯಾಣದ ಮಂತ್ರಿಪದವಿ ಇವೆಲ್ಲ ತಮಗೆ ತಿಳಿದದ್ದೇ.

ಬಾಲ್ಯದ ಆ ಪ್ರಶ್ನೆಯನ್ನು ಅವರು ದೊಡ್ಡವರಾದ ಮೇಲೂ ಮರೆಯಲಿಲ್ಲ. ಇಷ್ಟಲಿಂಗಕ್ಕೆ ಗಂಡುಹೆಣ್ಣೆಂಬ ಭೇದವಿಲ್ಲವಾಯಿತು. ಅಂಗೈಯ ಲಿಂಗವನ್ನು ಅಕ್ಕನೂ ಪೂಜಿಸಬಹುದು, ತಮ್ಮನೂ ಪೂಜಿಸಬಹುದು. ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳ ಎದುರು ಪ್ರಶ್ನೆ ಕೇಳುವುದೇ ಸಾಧನೆಯಾಯಿತು. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅವನನ್ನೇ ಪ್ರಶ್ನಿಸಿದಳು. ಶರಣರು ಅದನ್ನು ಉದ್ಧಟತನವೆನ್ನಲಿಲ್ಲ. 30ಕ್ಕೂ ಹೆಚ್ಚು ಶರಣೆಯರ ವಚನಗಳು ಇಂದು ನಮಗೆ ದೊರೆತಿವೆ.

ನಾಗಮ್ಮನವರ ಮಗ ಚೆನ್ನಬಸವಣ್ಣನವರು ಎಳೆಯ ವಯಸ್ಸಿನಲ್ಲಿಯೇ ಷಟ್‌ಸ್ಥಲದ ಮರ್ಮ ಬಲ್ಲವರೆಂದು ಹೆಸರಾದರು. ಸೋದರಮಾವನಾದ ಬಸವಣ್ಣನವರೇ ಅವರ ಮಾತಿಗೆ ತಲೆಬಾಗಿದರು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ ಕೀರ್ತಿವಂತರಾಗಿದ್ದ ಸಿದ್ಧರಾಮರು ಲಿಂಗದೀಕ್ಷೆ ಪಡೆದದ್ದು ತಮಗಿಂತ ಕಿರಿಯರಾದ ಈ ಚೆನ್ನಬಸವಣ್ಣನವರಿಂದಲೇ.

ಇನ್ನು ಆ ಅಕ್ಕ. ನಾಗಮ್ಮನವರು ತಮ್ಮನ ಜೊತೆಗೇ ಸಂಗಮಕ್ಕೆ ಬಂದರು, ಕಲ್ಯಾಣಕ್ಕೂ ಬಂದರು. ಕಲ್ಯಾಣದಲ್ಲಿ ಕ್ರಾಂತಿಯಾದಾಗ ಮಗನೊಡನೆ ಶರಣರ ದಂಡನ್ನು ಕೂಡಿಕೊಂಡು ಉಳವಿಯ ದಾರಿ ಹಿಡಿದರು. ಅವರೂ ವಚನಗಳನ್ನು ಬರೆದಿದ್ದಾರೆ. ಅವುಗಳ ಅಂಕಿತ ಬಸವಣ್ಣಪ್ರಿಯ ಚೆನ್ನಸಂಗಯ್ಯ.