ಹೊಸೂರಿನ ಹಾದಿ: ಎಚ್. ನರಸಿಂಹಯ್ಯನವರ ಬದುಕು ಮತ್ತು ವಿಜ್ಞಾನ ಶಿಕ್ಷಣದ ಸಾಮಾಜಿಕ ನೆಲೆ

ಡಾ. ಎಚ್. ನರಸಿಂಹಯ್ಯ ಎಂದೊಡನೆ ಕನ್ನಡದ ವೈಚಾರಿಕ ವಲಯವು ನೆನೆಯುವುದು ಪವಾಡಗಳನ್ನು ಪ್ರಶ್ನಿಸಿದ ಕುಲಪತಿಯನ್ನು. ಈ ಚಿತ್ರ ಸುಳ್ಳಲ್ಲ, ಅಪೂರ್ಣ. ವಿಜ್ಞಾನವನ್ನು ಕಲಿಯುವ ಅವಕಾಶ ಯಾರಿಗಿದೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವರ ಬದುಕನ್ನು ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1920ರ ಜೂನ್ 6ರಂದು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ, ಹಿಂದುಳಿದ ವರ್ಗದ ಬಡ ಕುಟುಂಬವೊಂದರಲ್ಲಿ ಅವರು ಜನಿಸಿದರು. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಅಂದು ಕೋಲಾರ ಜಿಲ್ಲೆಯಲ್ಲಿದ್ದು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಈ ಸೀಮೆಯ ಅನೇಕ ಮನೆಗಳ ಮಾತು ತೆಲುಗು. ಶಾಲೆಯ ಮಾತು ಕನ್ನಡ. ಭೌತವಿಜ್ಞಾನದ ಉನ್ನತ ವ್ಯಾಸಂಗದ್ದು ಇಂಗ್ಲಿಷು. ಜಾತಿ ಮತ್ತು ಬಡತನಗಳ ಜೊತೆಗೆ ಭಾಷೆಯೂ ಇಲ್ಲಿ ದಾಟಬೇಕಾದ ಹೊಸ್ತಿಲಾಗಿತ್ತು.

ಪ್ರೌಢಶಾಲೆಗೆ ಸೇರಲು 1935ರಲ್ಲಿ ಅವರು ಪ್ರಯಾಣಕ್ಕೆ ಹಣವಿಲ್ಲದೆ ಸುಮಾರು 80 ಕಿಲೋಮೀಟರ್ ನಡೆದು ಬೆಂಗಳೂರು ತಲುಪಿದರು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಅವರನ್ನು ಸೇರಿಸಿಕೊಂಡಿತು. 1942ರ ಚಳವಳಿಯಲ್ಲಿ ಸೆರೆವಾಸ ಅನುಭವಿಸಿ, ಓದಿಗೆ ಮರಳಿ, ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಎಂ.ಎಸ್ಸಿ. ಮುಗಿಸಿದರು. 1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದರು. ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದಿಂದ 1960ರಲ್ಲಿ ಡಾಕ್ಟರೇಟ್ ಪಡೆದು ಅದೇ ಕಾಲೇಜಿಗೆ ಹಿಂದಿರುಗಿ ಪ್ರಾಂಶುಪಾಲರಾದರು.

1962ರಲ್ಲಿ ಅವರು ಸ್ಥಾಪಿಸಿದ ಬೆಂಗಳೂರು ವಿಜ್ಞಾನ ವೇದಿಕೆಯು ವಿಜ್ಞಾನಿಗಳ ಉಪನ್ಯಾಸಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಈ ಸಮಿತಿಗೆ ದೊರೆತಷ್ಟು ಗಮನ, ಗೌರಿಬಿದನೂರು ಹಾಗೂ ಬಾಗೇಪಲ್ಲಿಗಳಲ್ಲಿ ಕಾಲೇಜುಗಳನ್ನು ಕಟ್ಟಿದ ಅವರ ಕೆಲಸಕ್ಕೆ ದೊರೆಯಲಿಲ್ಲ.

ಆ ಕಾಲ್ನಡಿಗೆಯನ್ನು ನಾವು ಛಲದ ಕಥೆಯಾಗಿ ಹೇಳುತ್ತ ಬಂದಿದ್ದೇವೆ. ಆದರೆ ಹದಿಹರೆಯದ ಹುಡುಗನೊಬ್ಬ ನಡೆದು ಹೋಗಬಹುದಾಗಿದ್ದ ಆ ಹಾದಿಯಲ್ಲಿ, ಅದೇ ಊರಿನ ಹುಡುಗಿಯನ್ನು 1935ರ ಸಮಾಜ ಒಂಟಿಯಾಗಿ ಕಳಿಸುತ್ತಿತ್ತೇ? ಅವಳ ಛಲಕ್ಕೆ ಪರೀಕ್ಷೆಯ ಅವಕಾಶವೇ ಇರಲಿಲ್ಲ. ದೂರವು ಎಲ್ಲರಿಗೂ ಒಂದೇ ಅಳತೆಯದಲ್ಲ. ಲಿಂಗ, ಜಾತಿ, ವರ್ಗಗಳಿಗೆ ತಕ್ಕಂತೆ ಅದು ಹಿಗ್ಗುತ್ತದೆ. ಆದ್ದರಿಂದ ತಾಲ್ಲೂಕು ಕೇಂದ್ರದಲ್ಲೊಂದು ಕಾಲೇಜು ತೆರೆಯುವುದೆಂದರೆ, ಸಂಜೆಗೆ ಮನೆ ಸೇರಲೇಬೇಕಾದ ವಿದ್ಯಾರ್ಥಿನಿಗೂ ಓದಿನ ಬಾಗಿಲು ತೆರೆಯುವುದೆಂದೇ ಅರ್ಥ. ಪ್ರಶ್ನಿಸುವ ಮನೋಭಾವವನ್ನು ಬೋಧಿಸುವುದಕ್ಕೆ ಮೊದಲು ಪ್ರಶ್ನಿಸುವವರು ತರಗತಿಯವರೆಗೆ ಬರಬೇಕಷ್ಟೆ.

ಅವಿವಾಹಿತರಾಗಿದ್ದ ನರಸಿಂಹಯ್ಯನವರು ದಶಕಗಳ ಕಾಲ ಕಾಲೇಜಿನ ವಿದ್ಯಾರ್ಥಿನಿಲಯದಲ್ಲೇ ಸರಳವಾಗಿ ಬದುಕಿದರು. 1984ರಲ್ಲಿ ಪದ್ಮಭೂಷಣ ಸಂದಿತು. 2005ರ ಜನವರಿ 31ರಂದು ನಿಧನರಾದರು. ತಾವು ನಡೆದ ದೂರವನ್ನು ಅವರು ಮುಂದಿನವರಿಗೆ ಆದರ್ಶವೆಂದು ವಿಧಿಸಲಿಲ್ಲ, ಕಡಿಮೆ ಮಾಡಿದರು. ಅವರ ವೈಚಾರಿಕತೆಯ ಅಧ್ಯಯನವು ಇಲ್ಲಿಂದ ಆರಂಭವಾಗುವುದು ಉಚಿತ.