ಸುಳೇಭಾವಿಯ ಶಿವಪುತ್ರ: ಪಂಡಿತ ಕುಮಾರ ಗಂಧರ್ವರು

ವಾದ್ಯಗಳ ಉಕ್ಕಿನ ತಂತಿಗೆ ಚನ್ನಪಟ್ಟಣವು ಒಂದು ಕಾಲದಲ್ಲಿ ದೂರದೂರದ ನಾಡುಗಳಲ್ಲಿ ಹೆಸರಾಗಿದ್ದಿತು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಅದನ್ನು ದಾಖಲಿಸಿದ್ದಾನೆ. ತಂತಿಯ ಊರಿನವರು ತಂಬೂರಿಯ ಶ್ರುತಿಶುದ್ಧಿಯನ್ನೇ ತಪಸ್ಸಾಗಿಸಿಕೊಂಡ ಕನ್ನಡಿಗನೊಬ್ಬನನ್ನು ಸ್ಮರಿಸುವುದು ಉಚಿತವೇ ಸರಿ.

ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಅವರು 1924ರ ಏಪ್ರಿಲ್ 8ರಂದು ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ, ವೀರಶೈವ ಮನೆತನದಲ್ಲಿ ಜನಿಸಿದರು. ಗ್ರಾಮಾಫೋನ್ ತಟ್ಟೆಯ ಹಾಡನ್ನು ಕೇಳಿದಂತೆಯೇ ಒಪ್ಪಿಸುತ್ತಿದ್ದ ಈ ಬಾಲಕನಿಗೆ ಮಠಾಧೀಶರೊಬ್ಬರು ‘ಕುಮಾರ ಗಂಧರ್ವ’ ಎಂಬ ಬಿರುದನ್ನಿತ್ತರು. ಬಿರುದೇ ಹೆಸರಾಗಿ ನಿಂತಿತು. ಮುಂಬಯಿಯಲ್ಲಿ ಪ್ರೊ. ಬಿ. ಆರ್. ದೇವಧರರು ಅವರನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಅನುಕರಣೆಯಿಂದ ಬಿಡಿಸಿ ವಿಚಾರಕ್ಕೆ ಹಚ್ಚಿದುದು ಈ ಗುರುವಿನ ದೊಡ್ಡ ಉಪಕಾರ.

1947ರಲ್ಲಿ ಗಾಯಕಿ ಭಾನುಮತಿಯವರೊಡನೆ ವಿವಾಹವಾಯಿತು. ಅದರ ಬೆನ್ನಲ್ಲೇ ಕ್ಷಯರೋಗ! ಒಣಹವೆಯನ್ನರಸಿ 1948ರಲ್ಲಿ ದಂಪತಿಗಳು ಮಾಳವದ ದೇವಾಸಕ್ಕೆ ಬಂದರು. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಗಾಯಕನಿಗೆ ಇದಕ್ಕಿಂತ ಘೋರವಾದ ಶಿಕ್ಷೆ ಯಾವುದಿದ್ದೀತು? ಹಾಸಿಗೆ ಹಿಡಿದ ಆ ವರ್ಷಗಳಲ್ಲಿ ಅವರ ಪಾಲಿಗೆ ಉಳಿದುದು ಕಿವಿಯೊಂದೇ. ಹಳ್ಳಿಯ ಹೆಂಗಸರು ಮದುವೆಗೂ ಮಳೆಗೂ ಹಾಡುತ್ತಿದ್ದ ಪದಗಳು ಆ ಕಿವಿಯ ಮೇಲೆ ಬಿದ್ದವು. ನಾಲ್ಕೈದು ಸ್ವರಗಳ ಆ ಮಟ್ಟುಗಳಲ್ಲಿಯೇ ರಾಗಗಳ ಬೀಜವಡಗಿರುವುದನ್ನು ಅವರು ಕಂಡುಕೊಂಡರು. ಆಗ ಹೊಸದಾಗಿ ಬಂದಿದ್ದ ಸ್ಟ್ರೆಪ್ಟೋಮೈಸಿನ್ ಜೀವವುಳಿಸಿತು. ಆದರೆ ಒಂದು ಶ್ವಾಸಕೋಶ ನಿರುಪಯುಕ್ತವಾಯಿತು.

ನಾರ್ವೆಯ ಎಡ್ವರ್ಡ್ ಗ್ರೀಗ್ (1843–1907) ಸಹ ಯೌವನದಲ್ಲಿಯೇ ಒಂದು ಶ್ವಾಸಕೋಶವನ್ನು ಕಳೆದುಕೊಂಡವರು; ತಮ್ಮ ನಾಡಿನ ಬೆಟ್ಟಕಣಿವೆಗಳ ಚೆಲುವನ್ನು ಸಂಗೀತವಾಗಿಸಿದವರು, ಹಾರ್ಡಂಗರ್ ಪಿಟೀಲಿನ ಜಾನಪದ ಕುಣಿತದ ಮಟ್ಟುಗಳನ್ನು ಪಿಯಾನೋಗೆ ಅಳವಡಿಸಿದವರು. ಆದರೆ ಗ್ರೀಗ್ ಬರೆದಿಟ್ಟರು. ಕುಮಾರರು ಆ ಕ್ಷಣದ ಮನೋಧರ್ಮದಲ್ಲಿ, ಕುಂದಿದ ಉಸಿರಿನಲ್ಲಿಯೇ, ಹಾಡಿ ಬೆಳೆಸಬೇಕಾಗಿತ್ತು. ದೀರ್ಘ ತಾನಗಳಿಗೆ ಬದಲು ಚಿಕ್ಕ ಚಿಕ್ಕ ಸ್ವರಗುಚ್ಛಗಳು, ಅವುಗಳ ನಡುವೆ ಅರ್ಥಪೂರ್ಣ ಮೌನ: ಇದು ಅವರ ಶೈಲಿಯಾಯಿತು.

1953ರ ವೇಳೆಗೆ ಮತ್ತೆ ವೇದಿಕೆಯೇರಿದರು. ಮಾಲವತಿ, ಲಗನ ಗಾಂಧಾರ, ಸಂಜಾರಿ ಮೊದಲಾದ ರಾಗಗಳು ಜಾನಪದದಿಂದ ಮೂಡಿದವು. ಋತುಗಳನ್ನೇ ವಸ್ತುವಾಗುಳ್ಳ ‘ಗೀತ ವರ್ಷಾ’, ‘ಗೀತ ಹೇಮಂತ’, ‘ಗೀತ ವಸಂತ’ ಕಾರ್ಯಕ್ರಮಗಳು ಮಳೆ, ಚಳಿ, ಚಿಗುರುಗಳನ್ನು ಸಭೆಗೆ ತಂದವು. ಘರಾಣೆಯ ನಿಷ್ಠರು ಆಕ್ಷೇಪಿಸಿದರು. ಅವರ ಆಕ್ಷೇಪ ನಿರಾಧಾರವೆನ್ನಲಾಗದು, ಏಕೆಂದರೆ ಕುಮಾರರು ಯಾವ ಘರಾಣೆಗೂ ಅಂಟಿಕೊಂಡವರಲ್ಲ. 1961ರಲ್ಲಿ ಭಾನುಮತಿಯವರು ತೀರಿಕೊಂಡರು. ಮರುವರ್ಷ ಕೈಹಿಡಿದ ವಸುಂಧರಾ ಅವರು ಕಡೆತನಕ ಸಹಗಾಯಕಿಯಾಗಿದ್ದರು. ಕಬೀರರ ನಿರ್ಗುಣ ಭಜನೆಗಳು ಅವರ ಕಂಠದಿಂದ ಮನೆಮಾತಾದವು.

1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಸಂದವು. ರೋಗಿಯಾಗಿ ಬಂದ ದೇವಾಸವನ್ನು ಅವರು ಮತ್ತೆ ಬಿಡಲಿಲ್ಲ. 1992ರ ಜನವರಿ 12ರಂದು ಅಲ್ಲಿಯೇ ಲಿಂಗೈಕ್ಯರಾದರು.